ಹದಿನಾಲ್ಕನೇ ನಂಬರನ್ನು ಬಿಟ್ಟುಕೊಟ್ಟ ವರ್ಷ

ಆ ವರ್ಷದ ಲೀಗಿನಲ್ಲಿ ನಾವು ಸೋತ ಪಂದ್ಯಗಳಲ್ಲಿ ಒಂದನ್ನು ಆಡಿಯೇ ಇರಲಿಲ್ಲ. ಸೈಬರ್‌ಜಯಾದ ಮೈದಾನದಲ್ಲಿ ಸುಣ್ಣದ ಗೆರೆ ಬಿದ್ದಿತ್ತು, ಬಲೆ ಕಟ್ಟಿ ಆಗಿತ್ತು, ಎದುರಿನ ತಂಡ ಮೈ ಬಿಸಿ ಮಾಡಿಕೊಂಡು ನಿಂತಿತ್ತು. ನಮ್ಮ ಕಡೆ ಹತ್ತು ಜನ. ಹನ್ನೊಂದನೆಯವನು ಟೋಲ್ ದಾಟಿದೆ, ಇದೋ ಬಂದೆ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದ. ರೆಫರಿ ಸೀಟಿ ಊದಿ ಎದುರಿನವರ ಕಡೆಗೆ ಕೈ ತೋರಿಸಿದರು. ಆಟ ಶುರುವಾಗುವ ಮೊದಲೇ ಮುಗಿಯಿತು.

ನಮ್ಮದು ಮಲೇಷ್ಯಾದ ಕನ್ನಡಿಗರ ಭಾನುವಾರದ ಹವ್ಯಾಸಿ ಫುಟ್‌ಬಾಲ್ ಲೀಗ್. ಐದಾರು ಜನ ಬಂದು ಉಳಿದವರು ದಾರಿಯಲ್ಲಿದ್ದಾರೆ ಎಂದು ಅರ್ಧ ಬೆಳಗು ಹಾಳು ಮಾಡುವ ತಂಡಗಳು ಹೆಚ್ಚಾಗಿ, ಲೀಗಿನವರು ಗಟ್ಟಿ ನಿಯಮ ತಂದಿದ್ದರು: ಸೀಟಿ ಊದುವಾಗ ಗೆರೆಯೊಳಗೆ ಹನ್ನೊಂದು ಜನ ಇಲ್ಲದಿದ್ದರೆ ಪಂದ್ಯ ಹೋಯಿತು. ಒಂದೇ ವರ್ಷದಲ್ಲಿ ಎರಡು ಸಲ ಹೀಗಾದರೆ ಲೀಗಿನ ಜಾಗವೇ ಹೋಯಿತು. ಕಾದು ಕೂತಿರುವ ಬೇರೆ ತಂಡಕ್ಕೆ ಅದು ಸಿಗುತ್ತದೆ. ನಿಯಮ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ ಒಪ್ಪಿದವನು ನಾನು. ಅದರ ಮೊದಲ ಪೆಟ್ಟು ಬಿದ್ದದ್ದೂ ನನಗೇ.

ನಾನು ಸುಬಾಂಗ್ ಜಯಾ ತಂಡದ ಮ್ಯಾನೇಜರ್. ತರಬೇತಿ, ಹಾಜರಿ, ಬೂಟು, ನೀರು ಎಲ್ಲ ನನ್ನ ಪಾಲು. ಇದಕ್ಕೆ ಮೊದಲು ಮೈಸೂರಿನಲ್ಲಿ ಅಗ್ನಿಶಾಮಕ ದಳದಲ್ಲಿದ್ದೆ, ಆಮೇಲೆ ಇಲ್ಲಿ ವಿಮಾನ ನಿಲ್ದಾಣದ ಪಕ್ಕದ ಗೋದಾಮಿನಲ್ಲಿ ಸುರಕ್ಷತೆ ನೋಡಿಕೊಂಡೆ. ಸೈರನ್ನಿಗೆ ಬೆಳೆದ ಮೈ ನನ್ನದು. ಹಾಗಾಗಿ ತಂಡಕ್ಕೆ ನಾನು ತಂದ ಮೊದಲ ಪದ್ಧತಿ ಬೂಟಿನ ತಪಾಸಣೆಯನ್ನು ಕವಾಯತಿನಂತೆ ಮಾಡಿಸುವುದು. ಎಲ್ಲರೂ ಸಾಲಾಗಿ ನಿಲ್ಲಬೇಕು. ಎಡಗಾಲು ಹಿಂದಕ್ಕೆ ಎತ್ತಬೇಕು, ಹಿಂದಿನವನು ಬೂಟಿನ ಅಡಿಯ ಮೊಳೆ, ಅಂದರೆ ಸ್ಟಡ್, ಸಡಿಲವಿದೆಯೇ ನೋಡಬೇಕು. ಬಲಗಾಲು, ಅದೇ ರೀತಿ. ಆಮೇಲೆ ಲೇಸು, ಉಂಗುರ, ಕೊರಳ ದಾರ. ತಪಾಸಣೆ ಎಲ್ಲ ತಂಡಗಳಿಗೂ ಕಡ್ಡಾಯವೇ, ಅದು ಮುಗಿಯದೆ ರೆಫರಿ ಸೀಟಿ ಊದುವಂತಿಲ್ಲ. ಆದರೆ ಬೇರೆಯವರು ಅದನ್ನು ಹರಟೆ ಹೊಡೆಯುತ್ತ ಮಾಡುತ್ತಿದ್ದರು. ನಮ್ಮದು ರೆಫರಿ ಮಧ್ಯದ ಗೆರೆಯಿಂದ ನಮ್ಮ ಹತ್ತಿರ ನಡೆದು ಬರುವಷ್ಟರಲ್ಲಿ ಮುಗಿಯಲೇಬೇಕಿತ್ತು. ಹುಡುಗರು ಅದನ್ನು ಫೈರ್ ಡ್ರಿಲ್ ಎಂದು ಕರೆದು ನಗುತ್ತಿದ್ದರು. ನಗಲಿ, ಮುಗಿಸಲಿ.

ಆ ದಿನ ಪಂದ್ಯ ಹೋದಾಗ ಎದುರಿಗಿದ್ದದ್ದು ಸೈಬರ್‌ಜಯಾ ತಂಡ. ಅದರ ಮ್ಯಾನೇಜರ್ ಮಂಗಳೂರು ಕಡೆಯ ಮೂಳೆ ಡಾಕ್ಟರ್. ಅವರು ನಮ್ಮ ಬೆಂಚಿನ ಹತ್ತಿರ ಬಂದು ಎಣಿಸಿ ನೋಡಿದರು.

"ಎಂತ ಮಾರಾಯ್ರೆ, ಹತ್ತೇ ಜನವಾ? ಬೂಟಿನ ಅಡಿ ಎಲ್ಲ ಪರೀಕ್ಷೆ ಮಾಡಿದ್ರಿ, ತಲೆ ಎಣಿಸ್ಲಿಲ್ವಾ?"

ನಮ್ಮ ಹುಡುಗರೇ ನಕ್ಕರು. ನಾನೂ ಬಾಯಿ ಅಗಲಿಸಿದೆ.

ಡಾಕ್ಟರ ತಂಡಕ್ಕೆ ಎರಡು ಮೂರು ಸಾಫ್ಟ್‌ವೇರ್ ಕಂಪನಿಗಳ ಬೆಂಬಲವಿತ್ತು. ಬಸ್ಸಿತ್ತು. ಸ್ನಾಯು ತಿಕ್ಕುವವನಿದ್ದ. ಚಕ್ರವಿರುವ ದೊಡ್ಡ ಐಸ್ ಪೆಟ್ಟಿಗೆ ಇತ್ತು. ಅದರ ಮುಚ್ಚಳ ತೆಗೆದಾಗ ಹೊಗೆಯಂತೆ ತಣ್ಣಗಾಳಿ ಏಳುತ್ತಿತ್ತು. ನಾನು ಎಷ್ಟೋ ಭಾನುವಾರ ಆಟ ನೋಡುವುದು ಬಿಟ್ಟು ಆ ಪೆಟ್ಟಿಗೆಯನ್ನು ನೋಡಿದ್ದೇನೆ. ನಾವು ಮನೆಯ ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಹೆಪ್ಪುಗಟ್ಟಿಸಿ, ಟವಲಿನಲ್ಲಿ ಸುತ್ತಿ ತರುತ್ತಿದ್ದೆವು. ಸೋತು ಮನೆಗೆ ಬಂದ ದಿನ ನಾನು ಆಟದ ಮಾತೇ ಆಡದೆ ಐಸ್ ಪೆಟ್ಟಿಗೆಯ ವರ್ಣನೆ ಮಾಡುತ್ತಿದ್ದೆನಂತೆ. ಹೆಂಡತಿ ಕೇಳಿದಳು, "ಊರಿನ ಬೆಂಕಿಯೆಲ್ಲ ಆರಿಸಿ ಬಂದ್ರಿ. ಈ ಬೆಂಕಿಗೆ ನಾನು ಯಾರನ್ನ ಕರೀಲಿ?"

ಆದರೆ ಡಾಕ್ಟರ ಬಳಿ ಇಲ್ಲದ್ದು ಒಂದು ನನ್ನ ಬಳಿ ಇತ್ತು. ನಮ್ಮ ಹದಿನಾಲ್ಕನೇ ನಂಬರ್.

ಅವನು ಹುಬ್ಬಳ್ಳಿಯ ಎಂಜಿನಿಯರ್ ಒಬ್ಬರ ಮಗ, ಇಲ್ಲೇ ಬೆಳೆದವನು, ಸುಬಾಂಗ್ ಜಯಾದ ಕಾಲೇಜಿನಲ್ಲಿ ಓದುತ್ತಿದ್ದ. ನಮ್ಮ ಅಪಾರ್ಟ್‌ಮೆಂಟಿನ ಕಾರ್ ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಚೆಂಡು ಒದೆಯುತ್ತಿದ್ದವನನ್ನು, ಕಾವಲುಗಾರ ಓಡಿಸುವ ಮೊದಲು, ನಾನು ಮೈದಾನಕ್ಕೆ ಎಳೆದು ತಂದಿದ್ದೆ. ಬರಿಯ ಬಲಗಾಲಿನ ಹುಡುಗ. ಬಲಗಾಲಿನ ಬೂಟು ಬಿಚ್ಚಿಸಿ ವರ್ಷವಿಡೀ ಎಡಗಾಲಿನಲ್ಲಿ ಒದೆಸಿದೆ. ಈಗ ಯಾವ ಕಾಲಿನಲ್ಲಿ ಹೊಡೆಯುತ್ತಾನೆ ಎಂದು ಗೋಲ್‌ಕೀಪರಿಗೆ ಗೊತ್ತಾಗುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತಿತ್ತು. ಲೀಗಿನಲ್ಲಿ ನಾವು ಕೆಳಗಿನಿಂದ ಎರಡನೆಯವರು, ನಮ್ಮ ಕೆಳಗೆ ನಿಲಾಯ್ ತಂಡ ಮಾತ್ರ. ಆದರೂ ನಮ್ಮ ಪಂದ್ಯಕ್ಕೆ ಜನ ಬಂದು ನಿಲ್ಲುತ್ತಿದ್ದರು, ಅವನನ್ನು ನೋಡಲು.

ಡಾಕ್ಟರೂ ನಿಲ್ಲುತ್ತಿದ್ದರು. ಒಮ್ಮೆ ಅವನ ಕಣಕಾಲು ಹೊರಳಿದಾಗ ನಾನು ನಮ್ಮ ಟವಲಿನ ಬಾಟಲಿ ಹಿಡಿದು ಓಡುವಷ್ಟರಲ್ಲಿ, ಡಾಕ್ಟರ್ ತಮ್ಮ ಐಸ್ ಪೆಟ್ಟಿಗೆಯನ್ನೇ ಉರುಳಿಸಿಕೊಂಡು ಬಂದಿದ್ದರು. ಮಂಡಿಯೂರಿ ಕೂತು, ಬೆರಳಿನಿಂದ ಮೂಳೆ ಒತ್ತಿ ಒತ್ತಿ ನೋಡಿ, ಪಟ್ಟಿ ಕಟ್ಟಿದರು. ಹುಡುಗ ಅವರ ಭುಜ ಹಿಡಿದು ಎದ್ದ. ನಾನು ಬಾಟಲಿ ಹಿಡಿದುಕೊಂಡು ನಿಂತಿದ್ದೆ. ಐಸ್ ಕರಗಿ ನನ್ನ ಬೂಟಿನ ಮೇಲೆ ಬೀಳುತ್ತಿತ್ತು.

ಆ ಸೋಲಿನ ಮರುವಾರ ಡಾಕ್ಟರ್ ನನ್ನನ್ನು ಮಾಮಕ್ ಅಂಗಡಿಗೆ, ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದರು. ತೇ ತಾರಿಕ್ ಬಂತು, ಎತ್ತರದಿಂದ ಸುರಿದು ನೊರೆ ಎಬ್ಬಿಸಿದ ಚಹಾ.

"ಹದಿನಾಲ್ಕನ್ನು ನಂಗೆ ಕೊಡಿ," ಅಂದರು.

"ಅವನೇನು ತೆಂಗಿನಕಾಯಾ ಡಾಕ್ಟ್ರೇ, ಕೊಡೋಕೆ?"

"ತೆಂಗಿನಕಾಯಿ ಆಗಿದ್ರೆ ನಿಮ್ಮ ಹತ್ರ ಯಾಕೆ ಕೇಳ್ತಿದ್ದೆ ಮಾರಾಯ್ರೆ? ಊರಲ್ಲಿ ಬೇಕಾದಷ್ಟು ಉಂಟು. ಸರದಿ ಕೊಡ್ತೇನೆ. ಎಷ್ಟು ಬೇಕು ಹೇಳಿ."

ಸರದಿ ಎಂದರೆ ಏನೆಂದು ಹೇಳಬೇಕು. ಪ್ರತಿ ವರ್ಷ ಲೀಗ್ ಶುರುವಾಗುವ ಮೊದಲು ಹೊಸಬರು ಹೆಸರು ಕೊಡುತ್ತಾರೆ. ಕಾಲೇಜಿಗೆ ಬಂದ ಹುಡುಗರು, ಬೆಂಗಳೂರಿನಿಂದ ವರ್ಗವಾಗಿ ಬಂದ ಎಂಜಿನಿಯರುಗಳು. ಅವರನ್ನೆಲ್ಲ ಒಂದು ದಿನ ಆಡಿಸಿ ನೋಡಿ, ಮ್ಯಾನೇಜರುಗಳು ಶಾಮಿಯಾನದ ಕೆಳಗೆ ಕೂತು ಸುತ್ತು ಸುತ್ತಾಗಿ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕಡೆಯದು. ಬಡವನಿಗೆ ಮೊದಲು ಬಡಿಸುವ ಕ್ರಮ. ಈ ಸರದಿಯನ್ನು ಆಟಗಾರನಿಗೆ ಬದಲಾಗಿ ಇನ್ನೊಂದು ತಂಡಕ್ಕೆ ಬಿಟ್ಟುಕೊಡಬಹುದು, ಮುಂದಿನ ವರ್ಷಗಳದ್ದನ್ನೂ ಕೊಡಬಹುದು. ಆಟಗಾರ ಒಪ್ಪಬೇಕು, ಅಷ್ಟೆ.

ಕೊಡುವುದಿಲ್ಲ ಎಂದು ಎದ್ದು ಬರಲು ನನಗೆ ಆಗಲಿಲ್ಲ. ತಂಡದ ಸ್ಥಿತಿ ನನಗೆ ಗೊತ್ತಿತ್ತು. ಕ್ಯಾಪ್ಟನ್ನಿನ ಮಂಡಿ ಹೋಗಿತ್ತು. ಇಬ್ಬರು ಬೆಂಗಳೂರಿಗೆ ವಾಪಸು ಹೋಗಿದ್ದರು. ಉಳಿದವರಲ್ಲಿ ಅರ್ಧ ಜನಕ್ಕೆ ಭಾನುವಾರ ಬೆಳಿಗ್ಗೆ ಮಕ್ಕಳ ಈಜಿನ ಕ್ಲಾಸು. ಇನ್ನೊಂದು ಸಲ ಹನ್ನೊಂದು ಜನ ಸೇರದಿದ್ದರೆ ತಂಡವೇ ಇರುವುದಿಲ್ಲ. ಮೈದಾನದೊಳಗೂ ಒಂದು ರೋಗ ಹತ್ತಿತ್ತು. ಚೆಂಡು ಸಿಕ್ಕರೆ ಎಲ್ಲರೂ ಹದಿನಾಲ್ಕಕ್ಕೆ ಕೊಟ್ಟು ನಿಂತುಬಿಡುತ್ತಿದ್ದರು. ಎದುರಿನವರು ಅವನ ಮೇಲೆ ಇಬ್ಬರನ್ನು ಬಿಡುತ್ತಿದ್ದರು. ನಮ್ಮವರು ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದರು. ಅಗ್ನಿಶಾಮಕ ದಳದಲ್ಲಿ ನೀರಿನ ಪೈಪನ್ನು ಒಬ್ಬನೇ ಹಿಡಿಯುವಂತಿಲ್ಲ, ಹಿಂದೆ ಒಬ್ಬ ಆನಿಕೊಂಡು ನಿಲ್ಲಲೇಬೇಕು. ನಮ್ಮಲ್ಲಿ ಪೈಪು ಒಬ್ಬನ ಕೈಯಲ್ಲಿತ್ತು, ಉಳಿದವರು ಪ್ರೇಕ್ಷಕರು.

ಹಾಗಾಗಿ ಕೊಡುವುದು ಸರಿ. ಏನು ಕೇಳಬೇಕು ಎಂಬಲ್ಲಿ ನನ್ನ ಹೊಟ್ಟೆ ಮಾತಾಡಿತು.

"ನಿಮ್ಮದೇ ಮೊದಲ ಸುತ್ತಿನ ಸರದಿ ಬೇಕು," ಅಂದೆ. "ಬರುವ ವರ್ಷದ್ದು, ಅದರ ಮುಂದಿನ ವರ್ಷದ್ದು, ಎರಡೂ."

ನನ್ನ ಕಣ್ಣ ಮುಂದೆ ಶಾಮಿಯಾನ ಇತ್ತು. ಎರಡು ವರ್ಷ ಡಾಕ್ಟರ್ ಅಲ್ಲಿ ಕೈಕಟ್ಟಿ ಕೂತಿರುತ್ತಾರೆ, ಅವರ ಸರದಿ ಬಂದಾಗ ನಾನು ಎದ್ದು ನಿಂತು ಹೆಸರು ಹೇಳುತ್ತೇನೆ. ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಬೇರೆ ಏನೂ ಯೋಚಿಸಲಿಲ್ಲ.

"ಆಯ್ತು," ಅಂದರು ಡಾಕ್ಟರ್. ಗ್ಲಾಸಿನ ನೊರೆ ಇನ್ನೂ ಇಳಿದಿರಲಿಲ್ಲ. ಅಷ್ಟು ಬೇಗ ಒಪ್ಪಿದ್ದರಲ್ಲೇ ನನಗೆ ಎಚ್ಚರಿಕೆ ಇತ್ತು. ನಾನು ಗೆದ್ದೆ ಅಂದುಕೊಂಡು ರೊಟ್ಟಿ ಚನಾಯ್ ಹೇಳಿದೆ.

ಮರುದಿನ ತರಬೇತಿ ಮುಗಿದ ಮೇಲೆ ಹುಡುಗನನ್ನು ಬದಿಗೆ ಕರೆದು ಹೇಳಿದೆ. ಅವನು ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಮನೆಯ ಹುಬ್ಬಳ್ಳಿ ಮಾತು, ಇಲ್ಲಿಯ ಬೀದಿಯ ಮಾತು ಎರಡೂ ಅವನ ಬಾಯಲ್ಲಿ ಒಟ್ಟಿಗೇ ಬರುತ್ತಿದ್ದವು.

"ನನ್ ಬದ್ಲಿಗೆ ಏನ್ ತಗೊಂಡ್ರಿ ಅಂಕಲ್?"

ಹೇಳಿದೆ. ಅವನು ನಕ್ಕುಬಿಟ್ಟ.

"ಅಯ್ಯ, ರಾಂಗ್ ಲಾ ಅಂಕಲ್. ನಾ ಅಲ್ಲಿ ಹೋದ್ರ ಅವ್ರು ಫಸ್ಟ್ ಬರ್ತಾರ. ಫಸ್ಟ್ ಬಂದವ್ರ ಸರದಿ ಲಾಸ್ಟ್. ಎರಡ್ ವರ್ಷ ಎಲ್ಲಾರೂ ಬ್ಯಾಡಂತ ಬಿಟ್ಟವ್ರನ್ನ ನೀವ್ ಆರಿಸ್ಕೋತ ಕೂಡ್ತೀರಿ."

ನಾನು ಬೆರಳು ಮಡಿಸಿ ಎಣಿಸಿದೆ. ಎರಡನೇ ತರಗತಿಯ ಲೆಕ್ಕ ಅದು.

"ನಿಲಾಯ್‌ದ್ ಕೇಳ್ರಿ," ಅಂದ. "ಹೋದ್ ವರ್ಷ ಡಾಕ್ಟರ್ ಅಂಕಲ್ ತಮ್ ಹಳೇ ಕೀಪರ್‌ನ ನಿಲಾಯ್‌ಗೆ ಕೊಟ್ರಲ್ಲ, ಅದಕ್ಕ ನಿಲಾಯ್ ಅವ್ರ ಬರೋ ವರ್ಷದ್ ಮೊದಲ ಸರದಿ ಇವ್ರ ಕಡೆ ಅದ. ನಿಲಾಯ್ ಈ ಸಲಾನೂ ಲಾಸ್ಟ್. ಫಸ್ಟ್ ಪಿಕ್ ನಿಮ್ಗ."

ಅವನ ಮಾತು ಸರಿಯಾಗಿತ್ತು. ನನಗೆ ಚುಚ್ಚಿದ್ದು ಅದಲ್ಲ. ಡಾಕ್ಟರ್ ಅಂಕಲ್ ಎಂಬ ಮಾತು. ಯಾವಾಗಿನಿಂದ ಅವರು ಇವನಿಗೆ ಅಂಕಲ್?

"ನೀನು ಹೋಗ್ತೀಯಾ ಅಂತ ನಾನು ಇನ್ನೂ ಕೇಳೇ ಇಲ್ಲ," ಅಂದೆ.

"ಕೇಳ್ರಿ ಮತ್ತ."

"ಹೋಗ್ತೀಯಾ?"

ಅವನು ಹುಲ್ಲು ಕಿತ್ತ. "ಅಲ್ಲಿ ನನಗ ಪಾಸ್ ಕೊಡವ್ರು ಅದಾರ ಅಂಕಲ್. ಇಲ್ಲಿ ನಾನ ಕೊಡಬೇಕು, ನಾನ ಓಡಿ ಹೋಗಿ ತಗೋಬೇಕು."

ಬೂಟು ಒದ್ದೆ ಇಡಬೇಡ ಎಂದು ಹೇಳಿ ಕಳಿಸಿದೆ.

ಆ ವಾರ ನಾನು ಒಂದು ತೀರ್ಮಾನ ಮಾಡಬೇಕಾಯಿತು. ಡಾಕ್ಟರ್ ಬರಿಗೈಯಲ್ಲಿ ಕೂರುವುದನ್ನು ನೋಡಬೇಕೋ, ತಂಡಕ್ಕೆ ಆಟಗಾರರು ಬೇಕೋ? ಹೊರಗಿನವರಿಗೆ ಸುಲಭ ಅನ್ನಿಸಬಹುದು. ಆ ಶಾಮಿಯಾನದ ಚಿತ್ರವನ್ನು ಬಿಡುವುದು ಹದಿನಾಲ್ಕನ್ನು ಬಿಡುವುದಕ್ಕಿಂತ ನನಗೆ ಕಷ್ಟವಾಯಿತು. ಕಡೆಗೆ ಬೆಳಗಿನ ನಡಿಗೆ ಮುಗಿಸಿ, ಬೆವರು ಆರುವ ಮೊದಲು ಫೋನ್ ಮಾಡಿದೆ.

"ಡಾಕ್ಟ್ರೇ, ನಿಮ್ಮ ಸರದಿ ನಿಮಗೇ ಇರಲಿ. ನಿಲಾಯ್‌ದು ಕೊಡಿ. ಜೊತೆಗೆ ಇಬ್ಬರು ಆಟಗಾರರು, ಈ ವಾರವೇ."

"ಯಾರು ಹೇಳಿಕೊಟ್ಟದ್ದು ನಿಮ್ಗೆ?"

"ಯಾರು ಹೇಳಿಕೊಡಬೇಕು? ಲೆಕ್ಕ ಹಾಕಿದೆ."

"ಮೊನ್ನೆ ರೊಟ್ಟಿ ತಿನ್ನುವಾಗ ಹಾಕ್ಲಿಲ್ವಾ?"

ಈ ಸಲ ಅವರು ಚೌಕಾಸಿ ಮಾಡಿದರು. ಒಬ್ಬನನ್ನೇ ಕೊಡುತ್ತೇನೆ ಎಂದರು, ಎರಡನೇ ಸುತ್ತಿನ ಸರದಿ ತಗೊಳ್ಳಿ ಎಂದರು, ಹುಡುಗನ ಕಣಕಾಲಿನ ಕಥೆ ತೆಗೆದರು. ಅವರು ಎಳೆದಾಡಿದಷ್ಟೂ ನನಗೆ ಧೈರ್ಯ ಬಂತು. ಕೇಳಿದ್ದು ಬೆಲೆಯದ್ದು ಎಂದು ಗೊತ್ತಾಯಿತು. ಕೊನೆಗೆ ಒಪ್ಪಿದರು. "ಆ ಇಬ್ಬರೂ ಬೆಂಚಲ್ಲಿ ಕೂತು ಕೂತು ಬೇರು ಬಿಟ್ಟಿದ್ದಾರೆ. ಕಿತ್ಕೊಂಡು ಹೋಗಿ," ಅಂದರು.

ನಮ್ಮ ಲೀಗಿನಲ್ಲಿ ಒಂದು ಪದ್ಧತಿ ಇದೆ. ಆಟಗಾರನನ್ನು ಪಡೆದ ತಂಡ, ಕೊಟ್ಟ ತಂಡಕ್ಕೆ ಮಾಮಕ್‌ನಲ್ಲಿ ಊಟ ಹಾಕಿಸಬೇಕು. ಇಲ್ಲಿ ಅದಕ್ಕೆ ಬೆಲಾಂಜ ಅನ್ನುತ್ತಾರೆ. ಊಟಕ್ಕೆ ಮೊದಲು ಹಳೆಯ ಮ್ಯಾನೇಜರೇ ತನ್ನ ಕೈಯಿಂದ ಹುಡುಗನಿಗೆ ಹೊಸ ತಂಡದ ಅಂಗಿ ಕೊಡಬೇಕು. ಡಾಕ್ಟರ್ ನಾಲ್ಕು ಮೇಜು ಜೋಡಿಸಿ, ಮೀನಿನ ತಲೆಯ ಸಾರಿನಿಂದ ಹಿಡಿದು ಎಲ್ಲ ತರಿಸಿದ್ದರು. ಅವರಲ್ಲಿ ಹದಿನಾಲ್ಕು ಬೇರೆಯವನ ಬೆನ್ನ ಮೇಲಿತ್ತು, ಇವನಿಗೆ ಹತ್ತು. ಬಟ್ಟೆ ತೆಳ್ಳಗೆ ನುಣುಪಾಗಿತ್ತು, ಬೆವರು ನಿಲ್ಲದ ಜಾತಿಯದು. ನಮ್ಮದು ಒದ್ದೆಯಾದರೆ ಗೋಣಿಯಷ್ಟು ಭಾರ. ಅಂಗಿ ಕೊಡುವಾಗ ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದೆ.

"ಒಳ್ಳೇ ಹೆಣ್ಣು ಒಪ್ಪಿಸೋ ಶಾಸ್ತ್ರದ ಥರ ಇದೆ ಸಾರ್," ಅಂದ ಕ್ಯಾಪ್ಟನ್, ಅನ್ನ ಕಲಸುತ್ತ.

"ನೀನು ಬಾಯಿ ಮುಚ್ಕೊಂಡು ಊಟ ಮಾಡು."

"ಬಾಯಿ ಮುಚ್ಕೊಂಡು ಹೆಂಗ್ ಸಾರ್ ಊಟ ಮಾಡೋದು?"

ನಮ್ಮವರು ಚೆನ್ನಾಗಿ ಉಂಡರು, ಉಳಿದದ್ದನ್ನು ತಪಾವ್ ಮಾಡಿಸಿಕೊಂಡು ಮನೆಗೂ ಒಯ್ದರು. ಹುಡುಗ ಮೇಜಿನ ಆ ತುದಿಯಲ್ಲಿ, ಡಾಕ್ಟರ ಪಕ್ಕದಲ್ಲಿ ಕೂತಿದ್ದ. ಅವರು ಏನೋ ಹೇಳಿದರು, ಅವನು ನಕ್ಕ. ನಾನು ಹೇಳಿದ್ದಕ್ಕೆ ಅವನು ಹಾಗೆ ನಕ್ಕ ನೆನಪು ಬರಲಿಲ್ಲ.

ಆಮೇಲಿನ ವಾರಗಳಲ್ಲಿ ತಂಡ ಮೆಲ್ಲಗೆ ಬದಲಾಯಿತು. ಬೇರು ಬಿಟ್ಟವರು ಎಂದು ಡಾಕ್ಟರ್ ಕೊಟ್ಟ ಇಬ್ಬರಲ್ಲಿ ಒಬ್ಬ ನಡುವಿನಲ್ಲಿ ಆಡುವವನು, ವಯಸ್ಸಾಗಿತ್ತು, ಆದರೆ ಚೆಂಡನ್ನು ಎಲ್ಲಿ ಇಡಬೇಕೆಂದು ಗೊತ್ತಿತ್ತು. ಇನ್ನೊಬ್ಬ ಬೆಂಗಳೂರಿನವನು, ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಪಾಳಿ ಕೆಲಸ, ಎಡಬದಿಯ ರಕ್ಷಣಾ ಆಟಗಾರ. ಚೆಂಡು ಕೊಟ್ಟು ನಿಲ್ಲಲು ಈಗ ಯಾರೂ ಇರಲಿಲ್ಲವಾದ್ದರಿಂದ ನಮ್ಮವರು ಓಡತೊಡಗಿದರು. ಎರಡು ಪಂದ್ಯ ಸಮ ಮಾಡಿಕೊಂಡೆವು. ಒಂದು ಗೆದ್ದೆವು.

ನಾನು ಮಾತ್ರ ನಮ್ಮ ಪಂದ್ಯ ಮುಗಿದ ಕೂಡಲೇ ಪಕ್ಕದ ಮೈದಾನಕ್ಕೆ ಹೋಗಿ ನಿಲ್ಲುತ್ತಿದ್ದೆ. ಎದುರಾಳಿಗಳ ಆಟ ಅಧ್ಯಯನ ಮಾಡಬೇಕು ಎಂದು ಕ್ಯಾಪ್ಟನ್ನಿಗೆ ಹೇಳಿದ್ದೆ. ಅವನು ನಂಬಿದಂತೆ ಮಾಡಿದ. ಹುಡುಗ ಅಲ್ಲಿ ಇನ್ನೂ ಚೆನ್ನಾಗಿ ಆಡುತ್ತಿದ್ದ. ಬಲಗಾಲಿನ ಬೂಟು ಬಿಚ್ಚಿಸಿ ನಾನು ವರ್ಷವಿಡೀ ತಿದ್ದಿದ ಆ ಎಡಗಾಲಿನಿಂದ ಅವನು ಗೋಲು ಹೊಡೆದಾಗ, ಜನ ಡಾಕ್ಟರ ಬೆನ್ನು ತಟ್ಟುತ್ತಿದ್ದರು.

ಅದನ್ನೂ ನುಂಗಿಕೊಂಡೆ. ಒಂದು ಭಾನುವಾರ ಪಂದ್ಯ ಶುರುವಾಗುವ ಮೊದಲೇ ಹೋದಾಗ ಕಂಡದ್ದನ್ನು ನುಂಗಲಾಗಲಿಲ್ಲ. ಸೈಬರ್‌ಜಯಾದವರು ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ನಿಂತು ಹುಡುಗ ಒಂದು ಮಾತು ಹೇಳಿದ. ಎಲ್ಲರ ಎಡಗಾಲು ಒಟ್ಟಿಗೆ ಮೇಲೆದ್ದಿತು. ಬಲಗಾಲು. ಲೇಸು, ಉಂಗುರ, ದಾರ. ರೆಫರಿ ಮಧ್ಯದ ಗೆರೆಯಿಂದ ಬರುವುದರೊಳಗೆ ಮುಗಿಯಿತು, ನಮ್ಮವರಿಗಿಂತ ಚುರುಕಾಗಿ, ಹರಟೆ ಇಲ್ಲದೆ.

"ನಮ್ಮ ಶಿಸ್ತು ಹೇಗೆ?" ಎಂದು ಡಾಕ್ಟರ್ ಪಕ್ಕದವರಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಹುಡುಗನನ್ನು ಕೊಟ್ಟದ್ದಕ್ಕೆ ನಿಲಾಯ್ ಸರದಿ ಬಂದಿತ್ತು, ಇಬ್ಬರು ಆಟಗಾರರು ಬಂದಿದ್ದರು. ಈ ಡ್ರಿಲ್ಲಿಗೆ ಬದಲಾಗಿ ನಾನು ಏನನ್ನೂ ಕೇಳಿರಲಿಲ್ಲ. ಆ ದಿನ ಅವನು ನನ್ನನ್ನು ನೋಡಿ ಕೈ ಎತ್ತಿದ. ನಾನು ಕಾರಿನ ಬೀಗದ ಕೈ ಹುಡುಕುವವನಂತೆ ಜೇಬು ತಡಕಿದೆ.

ಕೊನೆಯ ಪಂದ್ಯ ಡಾಕ್ಟರ ತಂಡದ ಮೇಲೆಯೇ ಬಿತ್ತು. ಅವರು ಆಗಲೇ ಲೀಗ್ ಗೆದ್ದಾಗಿತ್ತು. ನಿಲಾಯ್ ಕೊನೆಗೆ ಬರುವುದೂ ಖಾತ್ರಿಯಾಗಿತ್ತು, ಎಂದರೆ ಮೊದಲ ಸರದಿ ನನ್ನ ಕೈಯಲ್ಲಿತ್ತು. ನಾವು ನಿಲಾಯ್‌ಗಿಂತ ಒಂದೇ ಮೆಟ್ಟಿಲು ಮೇಲಿದ್ದದ್ದರಿಂದ ಎರಡನೆಯದೂ ನಮ್ಮದೇ. ಶಾಮಿಯಾನದ ಕೆಳಗೆ ಮೊದಲ ಎರಡು ಹೆಸರು ನಾನೇ ಹೇಳುವವನು. ಆದರೆ ಲೀಗಿನ ಜಾಗ ಕಳೆದುಕೊಂಡ ತಂಡದ ಸರದಿಗಳೂ ಅದರೊಂದಿಗೇ ಹೋಗುತ್ತವೆ. ಆ ದಿನ ನಾವು ಗೆಲ್ಲಬೇಕಾಗಿರಲಿಲ್ಲ. ಹನ್ನೊಂದು ಜನ ನಿಂತರೆ ಸಾಕಿತ್ತು.

ಶಾಲೆಗಳಿಗೆ ರಜೆ ಶುರುವಾಗಿ ಮೂವರು ಸಂಸಾರ ಸಮೇತ ಊರಿಗೆ ಹೋಗಿದ್ದರು. ಕ್ಯಾಪ್ಟನ್ ಮಂಡಿಗೆ ಪಟ್ಟಿ ಸುತ್ತಿ ಬಂದಿದ್ದ. ಅವನನ್ನೂ ಸೇರಿಸಿ ಹತ್ತು ಜನ. ಹನ್ನೊಂದನೆಯವನು ಡೇಟಾ ಸೆಂಟರಿನ ಹುಡುಗ. ಮೈದಾನದಿಂದ ಎರಡು ಸಿಗ್ನಲ್ ಆಚೆ ಅವನ ಕಟ್ಟಡ. ರಾತ್ರಿ ಪಾಳಿ ಮುಗಿಸಿ ನೇರ ಬರುತ್ತೇನೆ ಎಂದಿದ್ದ. ಫೋನ್ ಮಾಡಿದೆ.

"ಸಾರ್, ರಿಲೀವರ್ ಇನ್ನೂ ಬಂದಿಲ್ಲ. ಅವನು ಬಂದು ಸೈನ್ ಹಾಕೋ ತನಕ ನಾನು ಬಿಡಂಗಿಲ್ಲ ಸಾರ್. ಒಬ್ಬನೇ ಇದೀನಿ."

ಬಾ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಬದಲಿ ಬರುವವರೆಗೆ ಜಾಗ ಬಿಡಬಾರದು ಎಂಬುದು ನಾನು ಆಯುಷ್ಯವಿಡೀ ಪಾಲಿಸಿದ ಮಾತು. "ಸರಿ," ಅಂದೆ. "ಅವನು ಬಂದ ತಕ್ಷಣ ಹೊರಡು."

ರೆಫರಿ ನಿವೃತ್ತ ಶಾಲಾ ಮಾಸ್ತರರು, ಮಲಯ್ ಭಾಷೆಯಲ್ಲಿ ಮಾಸ್ತರರಿಗೆ ಹೇಳುವ ಹಾಗೆ ಎಲ್ಲರೂ ಅವರನ್ನು ಚಿಕ್ಗು ಎನ್ನುತ್ತಿದ್ದರು. ಅವರು ಚೆಂಡನ್ನು ಮಧ್ಯದಲ್ಲಿ ಇಟ್ಟು ನಮ್ಮ ಕಡೆ ನೋಡಿದರು. ನಾನು ಅಭ್ಯಾಸಬಲದಿಂದ ಡ್ರಿಲ್ ಮಾಡಿಸಿದೆ. ಹತ್ತು ಜನ, ಇಪ್ಪತ್ತು ಕಾಲು, ಬೇಗನೆ ಮುಗಿಯಿತು. ಮುಗಿದ ಮೇಲೆ ಚಿಕ್ಗು ಬೆರಳು ಮಾಡಿ ತಲೆ ಎಣಿಸಿದರು.

"ಸೆಪುಲುಹ್," ಅಂದರು. ಹತ್ತು.

"ಒಬ್ಬ ಬರ್ತಾ ಇದ್ದಾನೆ ಚಿಕ್ಗು."

"ಅವರ ತಪಾಸಣೆ ಮುಗಿಯಲಿ. ಆಮೇಲೆ ನಾನು ಊದಲೇಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿ ಡಾಕ್ಟರ ತಂಡದ ಕಡೆ ತಿರುಗಿದರು.

ಆ ತಂಡ ಸಾಲಾಗಿ ನಿಂತಿತ್ತು. ಹುಡುಗ ನಮ್ಮ ಬೆಂಚನ್ನು ಒಮ್ಮೆ ನೋಡಿದ, ನಮ್ಮ ಸಾಲನ್ನು ನೋಡಿದ. ಆಮೇಲೆ ಎಡಗಾಲು ಎಂದ. ಕಾಲುಗಳು ಎದ್ದವು. ಅವನು ಸಾಲಿನ ತುದಿಯಿಂದ ಶುರು ಮಾಡಿ ಪ್ರತಿಯೊಬ್ಬನ ಬೂಟನ್ನು ತಾನೇ ಹಿಡಿದು, ಒಂದೊಂದು ಸ್ಟಡ್ಡನ್ನೂ ತಿರುಗಿಸಿ ನೋಡತೊಡಗಿದ. ಹಿಂದಿನವನು ಮಾಡಬೇಕಾದ ಕೆಲಸ ಅದು. ಒಬ್ಬನ ಲೇಸು ಬಿಚ್ಚಿಸಿ ಮತ್ತೆ ಮೊದಲಿನಿಂದ ಕಟ್ಟಿಸಿದ. ಇನ್ನೊಬ್ಬನ ಮದುವೆಯ ಉಂಗುರ ಬೆರಳಿನಿಂದ ಬರಲಿಲ್ಲ, ಸೋಪು ತರಿಸಿದ. ಮೂರನೆಯವನ ಕೊರಳ ದಾರದ ಗಂಟು ಕೂತು ಬಿಚ್ಚಿದ, ಕತ್ತರಿ ಬೇಡ, ದೇವರದ್ದು ಎಂದ.

ನನಗೆ ಮೈ ಉರಿಯಿತು. ನನ್ನ ಡ್ರಿಲ್ಲನ್ನು ಒಯ್ದದ್ದಲ್ಲದೆ ನನ್ನ ಕಣ್ಣೆದುರೇ ಅದನ್ನು ಹೀಗೆ ಕೆಡಿಸುತ್ತಿದ್ದಾನೆ. ಮೊನ್ನೆ ಎಷ್ಟು ಚುರುಕಾಗಿ ಮಾಡಿಸಿದ್ದ. ಗೆದ್ದ ತಂಡದ ಸೋಮಾರಿತನ ಹತ್ತಿತು ಇವನಿಗೂ. ನಾನು ಬೆಂಚಿನಿಂದ ಎದ್ದೆ. ಬೇಗ ಮುಗಿಸೋ ಎಂದು ಕೂಗಲು ಕೈ ಎತ್ತಿದೆ.

ಕ್ಯಾಪ್ಟನ್ ನನ್ನ ಕೈ ಹಿಡಿದು ಕೆಳಗೆ ಎಳೆದ.

"ಸಾರ್," ಅಂದ ಮೆಲ್ಲಗೆ. "ದಯವಿಟ್ಟು ಇವತ್ತೊಂದಿನ ಸುಮ್ನಿರಿ."

ನಾನು ಅವನ ಮುಖ ನೋಡಿದೆ. ಆಮೇಲೆ ಹುಡುಗನ ಕಡೆ ನೋಡಿದೆ. ಅವನು ಬಲಗಾಲು ಎನ್ನುತ್ತಿದ್ದ, ಸಾಲಿನ ಮೊದಲ ತುದಿಗೆ ನಿಧಾನ ನಡೆದು ಹೋಗುತ್ತ, ರಸ್ತೆಯ ಕಡೆ ಕಣ್ಣಿಟ್ಟು. ನಾನು ಕೂತೆ.

"ಬೇಗ ಮಾರಾಯಾ," ಎಂದು ಡಾಕ್ಟರ್ ಆ ಕಡೆಯಿಂದ ಕೂಗಿದರು. "ಎಂತ, ಮದ್ವೆಗೆ ಹೊರಡಿಸುದಾ ಅವರನ್ನು?"

"ಸೇಫ್ಟಿ ಲಾ ಡಾಕ್ಟರ್ ಅಂಕಲ್," ಅಂದ ಅವನು, ತಿರುಗಿಯೂ ನೋಡದೆ.

ಚಿಕ್ಗು ಕೈ ಹಿಂದಕ್ಕೆ ಕಟ್ಟಿ ನಿಂತು ನೋಡುತ್ತಿದ್ದರು. ಶಾಲೆಯಲ್ಲಿ ಉಗುರು ತಪಾಸಣೆ ಮಾಡಿಸಿದ ಮನುಷ್ಯ, ಇಂಥದ್ದು ಕಂಡರೆ ಅವರಿಗೆ ಪ್ರೀತಿ.

ಡೇಟಾ ಸೆಂಟರಿನವನು ಬೇಲಿಯ ಆಚೆ ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಓಡಿ ಬಂದಾಗ ಅವನ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತಾಡುತ್ತಿತ್ತು, ಬೂಟು ಕೈಯಲ್ಲಿತ್ತು. ಅವನು ಬೂಟು ಹಾಕುವಾಗ ಕ್ಯಾಪ್ಟನ್ ಅಂಗಿ ತೊಡಿಸಿದ, ನಾನು ಬೂಟಿನ ಅಡಿ ನೋಡಿದೆ. ಗೆರೆಯೊಳಗೆ ಕಾಲಿಟ್ಟ. ಆ ಕಡೆ ಹುಡುಗ ಕೊನೆಯವನ ಬೂಟನ್ನು ಕೆಳಗೆ ಬಿಟ್ಟು ಕೈ ಒರೆಸಿಕೊಂಡು ತಪಾಸಣೆ ಮುಗಿಯಿತೆಂದು ಹೇಳಿದ. ಚಿಕ್ಗು ತಲೆ ಎಣಿಸಿದರು, ಸೀಟಿ ಊದಿದರು.

ನಾವು ಸೋತೆವು. ಕೆಟ್ಟದಾಗಿಯೇ ಸೋತೆವು. ಅದರಲ್ಲಿ ಎರಡು ಗೋಲು ಅವನವೇ, ಒಂದು ಎಡಗಾಲಿನದು. ಆಟದಲ್ಲಿ ನಮಗೆ ಒಂದು ಚೂರೂ ದಯೆ ತೋರಲಿಲ್ಲ, ತೋರಿದ್ದರೆ ನಾನು ಬೈಯುತ್ತಿದ್ದೆ. ಮುಗಿದ ಮೇಲೆ ಅವನು ಡಾಕ್ಟರ ಐಸ್ ಪೆಟ್ಟಿಗೆಯಿಂದ ಎರಡು ಬಾಟಲಿ ತೆಗೆದು, ಒಂದನ್ನು ನನ್ನ ಪಕ್ಕ ಬೆಂಚಿನ ಮೇಲಿಟ್ಟು, ತನ್ನ ತಂಡದ ಕಡೆಗೆ ಹೋದ. ಅವರು ಅವನನ್ನು ಎತ್ತಿಕೊಂಡರು. ನನಗೆ ಆಗಲೂ ಹೊಟ್ಟೆ ಉರಿಯಿತು. ನೀರು ಬಹಳ ತಣ್ಣಗಿತ್ತು.

ಡಾಕ್ಟರ್ ಬಂದು ಪಕ್ಕದಲ್ಲಿ ಕೂತರು. ಬೆವರು ಒರೆಸಿಕೊಂಡರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ," ಅಂದರು. "ಆ ಬೂಟಿನ ಪರೀಕ್ಷೆ ನಿಮ್ಮದಂತೆ, ಹುಡುಗ ಹೇಳಿದ. ಬೇರೆ ದಿನ ಚಕಚಕ ಮಾಡ್ತಾನೆ. ಇವತ್ತು ಅದೆಂತ ಅಷ್ಟು ಹೊತ್ತು? ನಿಜಕ್ಕೂ ಅದಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ರೆ?"

ನಾನು ಬಾಟಲಿಯ ಮುಚ್ಚಳ ಬಿಗಿ ಮಾಡಿದೆ.

"ಬೇರೆ ದಿನ ಅವಸರ ಮಾಡ್ತಾನೆ ಡಾಕ್ಟ್ರೇ," ಅಂದೆ. "ಸರಿಯಾಗಿ ಮಾಡಿದ್ರೆ ಇವತ್ತಿನಷ್ಟೇ ಹೊತ್ತು ಬೇಕು."